ಪಂಡಿತರ ಶೋಧನೆಯೂ ಪಾಮರರ ಪಾಡೂ

ಸಂಶೋಧನೆಯೆಂಬುದು ಹೆಸರಿನ ಹಿಂದೆ ಎರಡಕ್ಷರ ಸೇರಿಸಿಕೊಳ್ಳುವ ಉಪಾಯವೇ ಹೊರತು, ಅದರಿಂದ ಉಳುವವನ ಕಣಜಕ್ಕೆ ಒಂದು ಸೇರು ಧಾನ್ಯವೂ ಹೆಚ್ಚಿ ಬಂದಿಲ್ಲವೆಂಬ ಮಾತು ಈಚೆಗೆ ಬಹಳವಾಗಿ ಕೇಳಿಬರುತ್ತಿದೆ. ಇದು ಒಂದನೆಯ ಪಕ್ಷ. ಸಂಶೋಧನೆ ಇರಲಿ, ಆದರೆ ಕೂಡಲೆ ಫಲ ಕೊಡುವಂಥದಕ್ಕೆ ಮಾತ್ರ ಸಾರ್ವಜನಿಕರ ಹಣ ಸಲ್ಲಲಿ, ಹುಲ್ಲಿನ ಹೂವನ್ನೂ ಹುಳುವಿನ ಕಾಲನ್ನೂ ಎಣಿಸುವವರಿಗೆ ಸಂಬಳವೇಕೆ ಎಂಬುದು ಎರಡನೆಯ ಪಕ್ಷ. ಮೂರನೆಯದು ಪಂಡಿತರದೇ: ಕಂಡುಹಿಡಿಯುವುದು ನಮ್ಮ ಕೆಲಸ, ಅದನ್ನು ಜನರ ಮಾತಿನಲ್ಲಿ ಹೇಳುವುದು ನಮ್ಮ ಕೆಲಸವಲ್ಲ ಎಂದು. ಈ ಮೂರರಲ್ಲಿ ಒಂದನ್ನೂ ನಾವು ಒಪ್ಪಲಾರೆವು. ಮೊದಲೆರಡು ಅಜ್ಞಾನದಿಂದ ಹುಟ್ಟಿದವು. ಮೂರನೆಯದು ಜ್ಞಾನದ ಗರ್ವದಿಂದ ಹುಟ್ಟಿದ್ದು. ಮೂರನೆಯದೇ ಹೆಚ್ಚು ಅಪಾಯಕರವೆಂದು ನಮ್ಮ ಮತ.

ಇದಕ್ಕೆ ದೂರದ ನಿದರ್ಶನಗಳು ಬೇಕಾಗಿಲ್ಲ. ತಮಿಳರು ಆನೈಮಲೈ ಎಂದೂ ನಾವು ಆನೆಮಲೆ ಎಂದೂ ಕರೆಯುವ ಈ ಬೆಟ್ಟಗಳ ಮೇಲೂ ಬುಡದಲ್ಲೂ ಬೇಕಾದಷ್ಟು ಸಾಕ್ಷ್ಯವಿದೆ. ಈ ಸೀಮೆ ಕನ್ನಡಿಗರಿಗೆ ಪರಕೀಯವೂ ಅಲ್ಲ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಇಲ್ಲಿ ಮಗ್ಗ ನಡೆಸಿಕೊಂಡು ಬಂದ ದೇವಾಂಗರ ಎಷ್ಟೋ ಮನೆಗಳಲ್ಲಿ ಮನೆಮಾತು ಇಂದಿಗೂ ಕನ್ನಡವೇ.

ಮೊದಲು ಕಬ್ಬಿನ ವಿಷಯವನ್ನು ನೋಡೋಣ. ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಸಂಶೋಧನ ಕೇಂದ್ರ ಸ್ಥಾಪಿತವಾದದ್ದು 1912ರಲ್ಲಿ. ಆಗ ನಮ್ಮ ದೇಶ ಜಾವಾ ದ್ವೀಪದ ಸಕ್ಕರೆಗೆ ಕೈಯೊಡ್ಡಿ ನಿಂತಿತ್ತು. ಉತ್ತರ ಹಿಂದೂಸ್ಥಾನದ ಕಬ್ಬು ಸಣಕಲು. ಉಷ್ಣದೇಶದ ರಸವತ್ತಾದ ದಪ್ಪ ಕಬ್ಬು ಅಲ್ಲಿಯ ಚಳಿಯಲ್ಲಿ ಬಾಳಲಾರದು. ಎರಡರ ಗುಣವನ್ನೂ ಒಂದರಲ್ಲಿ ತರಬೇಕಾದರೆ ಕಬ್ಬು ಹೂಬಿಟ್ಟು ಬೀಜ ಕಟ್ಟಬೇಕು. ಉತ್ತರದಲ್ಲಿ ಅದು ಅಪರೂಪ; ಕೊಯಮತ್ತೂರಿನ ಹವೆಯಲ್ಲಿ ಸಹಜ. ಬಾರ್ಬರ್ ಎಂಬ ಸಸ್ಯಶಾಸ್ತ್ರಜ್ಞರೂ ಅವರ ಸಹಾಯಕರಾಗಿದ್ದ ಟಿ. ಎಸ್. ವೆಂಕಟರಾಮನ್ ಅವರೂ, ಯಾರೂ ಬೆಳೆಯೆಂದು ಎಣಿಸದಿದ್ದ ಕಾಡುಕಬ್ಬಿನ ಹುಲ್ಲನ್ನು ದಪ್ಪ ಕಬ್ಬಿನೊಡನೆ ಸಂಕರಗೊಳಿಸಿದರು. 1918ರಲ್ಲಿ ಬೇಸಾಯಕ್ಕೆ ಬಂದ ಕೊ. 205 ಎಂಬ ತಳಿ ಅದರ ಫಲ. ‘ಕೊ’ ಎಂಬುದು ಕೊಯಮತ್ತೂರಿನ ಮೊದಲಕ್ಷರ. ಅಲ್ಲಿ ಹುಟ್ಟಿದ ತಳಿ ಪಂಜಾಬಿನ ಹೊಲಗಳಲ್ಲಿ ಬೆಳೆಯಿತು. ಮುಂದೆ ಬಂದ ಕೊ. 419 ದಕ್ಷಿಣದ ಹೊಲಗಳಲ್ಲಿ ದಶಕಗಳ ಕಾಲ ಹೆಸರಾಗಿತ್ತು. 1930ರ ದಶಕದಲ್ಲಿ ಇದೇ ಕೇಂದ್ರದಲ್ಲಿ ಇ. ಕೆ. ಜಾನಕಿ ಅಮ್ಮಾಳ್ ಅವರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಕಬ್ಬಿನ ವರ್ಣತಂತುಗಳನ್ನು ಅಧ್ಯಯನ ಮಾಡಿದರು.

ಹುಲ್ಲಿನ ಹೂವನ್ನು ನೋಡುವವರಿಗೆ ಸಂಬಳವೇಕೆ ಎಂದು ಕೇಳುವ ಮಹಾಶಯರು ತಮ್ಮ ಕಾಫಿಗೆ ಹಾಕಿಕೊಳ್ಳುವ ಸಕ್ಕರೆಯ ಮೂಲವನ್ನು ಒಮ್ಮೆ ವಿಚಾರಿಸಲಿ. ಕೂಡಲೆ ಫಲ ಬೇಕೆಂದವರು 1912ರಲ್ಲಿ ಆ ಕೇಂದ್ರದ ಮೇಲೆ ಅಧಿಕಾರ ನಡೆಸಿದ್ದರೆ, ಮರುವರ್ಷವೇ ಅದರ ಬಾಗಿಲಿಗೆ ಬೀಗ ಬೀಳುತ್ತಿತ್ತು.

ಎರಡನೆಯ ನಿದರ್ಶನ ನಮ್ಮ ಕಣ್ಣೆದುರಿನದು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕಾ ಮೂಲದ ಪರಂಗಿಯ ಹಿಟ್ಟುತಿಗಣೆ ಎಂಬ ಕೀಟವನ್ನು 2008ರಲ್ಲಿ ಕೊಯಮತ್ತೂರಿನಲ್ಲಿ ಗುರುತಿಸಲಾಯಿತು. ಪರಂಗಿಯಿಂದ ಅದು ಮರಗೆಣಸಿಗೂ ಹಿಪ್ಪುನೇರಳೆಗೂ ಹಬ್ಬಿತು. ಕೊಯಮತ್ತೂರು, ತಿರುಪ್ಪೂರು, ಈರೋಡು ಜಿಲ್ಲೆಗಳಲ್ಲಿ ರೇಷ್ಮೆ ಬೆಳೆಗಾರರು ಬೆಳೆದು ನಿಂತ ಹಿಪ್ಪುನೇರಳೆಯನ್ನು ಕಿತ್ತು ಹಾಕುವ ಸ್ಥಿತಿ ಬಂತು. ಔಷಧಿ ಸಿಂಪಡಿಸಿದರೆ ತಿಗಣೆಯ ಮೈಮೇಲಿನ ಮೇಣದಂಥ ಬಿಳಿ ಹೊದಿಕೆ ಅದನ್ನು ಕಾಪಾಡುತ್ತದೆ. ಸಿಂಪಡಿಸಿದ ಎಲೆಯನ್ನು ತಿಂದ ರೇಷ್ಮೆಹುಳು ಮಾತ್ರ ಸಾಯುತ್ತದೆ. ರೋಗಕ್ಕಿಂತ ಚಿಕಿತ್ಸೆಯೇ ಘೋರ.

ಇಲ್ಲಿ ದಾರಿ ತೋರಿಸಿದ್ದು ಯಾವ ವಿದ್ಯೆ? ಹುಳುವಿನ ಕಾಲನ್ನೂ ಮೀಸೆಯನ್ನೂ ಎಣಿಸಿ ಜಾತಿನಿರ್ಣಯ ಮಾಡುವ ವಿದ್ಯೆ! ಕೀಟ ಇಂಥದೆಂದು ತಿಳಿದೊಡನೆ ಅದರ ತೌರು ತಿಳಿಯಿತು. ತೌರು ತಿಳಿದೊಡನೆ ಅಲ್ಲಿ ಅದನ್ನು ಹದ್ದಿನಲ್ಲಿಟ್ಟಿರುವ ಶತ್ರು ಯಾವುದೆಂದು ತಿಳಿಯಿತು. ಆ ಶತ್ರು ಎಳ್ಳಿಗಿಂತಲೂ ಚಿಕ್ಕದಾದ ಕಣಜ; ತಿಗಣೆಯ ಒಡಲಲ್ಲಿಯೇ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದ ಬರಿದು ಮಾಡುವ ಜೀವಿ. 2010ರಲ್ಲಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಶೋಧನ ಸಂಸ್ಥೆ ಮೂರು ಜಾತಿಯ ಕಣಜಗಳನ್ನು ಪೋರ್ಟೊ ರಿಕೊ ದ್ವೀಪದಿಂದ ತರಿಸಿ, ಇತರ ಜೀವಿಗಳಿಗೆ ಅವುಗಳಿಂದ ಕೇಡಿಲ್ಲವೆಂದು ಪರೀಕ್ಷಿಸಿ, ಬೆಳೆಸಿ ಹಂಚಿತು. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾನಿಲಯವೂ ರೇಷ್ಮೆ ಇಲಾಖೆಯೂ ಕೈಗೂಡಿಸಿದವು. ಕೆಲವೇ ತಿಂಗಳಲ್ಲಿ ತಿಗಣೆಯ ಹಾವಳಿ ಇಳಿಯಿತು. ಸಂಶೋಧನೆಯಿಂದ ಬಡವನಿಗೇನು ಬಂತೆಂದು ಕೇಳುವವರು ಉಡುಮಲೈಪೇಟೆಯ ರೇಷ್ಮೆ ಬೆಳೆಗಾರನನ್ನು ಕೇಳಬೇಕು.

ಆದರೆ ಒಂದು ಶಾಸ್ತ್ರ ಎಲ್ಲವನ್ನೂ ಸಾಧಿಸುತ್ತದೆಂದು ನಾವು ಹೇಳುತ್ತಿಲ್ಲ. ತಿರುಪ್ಪೂರಿನ ನೊಯ್ಯಲ್ ನದಿಯ ಕಥೆ ಅದಕ್ಕೆ ಎಚ್ಚರಿಕೆ. ಬನಿಯನ್ ಬಟ್ಟೆಗೆ ಬಣ್ಣ ಕಟ್ಟುವ ಕಾರ್ಖಾನೆಗಳ ಉಪ್ಪುನೀರು ನದಿಗಿಳಿಯಿತು. ನೀರಾವರಿಗೆಂದು 1992ರಲ್ಲಿ ಮುಗಿದ ಒರತ್ತುಪಾಳೆಯಂ ಅಣೆಕಟ್ಟು ಬಣ್ಣದ ನೀರಿನ ಕೊಳವಾಯಿತು. ರೈತರೇ ಆ ನೀರು ಬೇಡವೆಂದರು. ನೀರಿನಿಂದ ಬಣ್ಣ ತೆಗೆಯುವುದನ್ನು ರಸಾಯನಶಾಸ್ತ್ರ ಬಲ್ಲದು. ಆದರೆ ಕರಗಿದ ಉಪ್ಪು ಬಣ್ಣದ ಹಾಗೆ ಸುಲಭವಾಗಿ ಹೋಗುವುದಿಲ್ಲ. ಅದನ್ನು ತೆಗೆಯುವ ಖರ್ಚನ್ನು ಸಣ್ಣ ಬಣ್ಣಗಾರ ಹೇಗೆ ಹೊರಬೇಕು, ಹಾಳಾದ ಹೊಲದ ನಷ್ಟವನ್ನು ಯಾರು ತುಂಬಬೇಕು ಎಂಬುವು ಅರ್ಥಶಾಸ್ತ್ರದ ಮತ್ತು ನ್ಯಾಯಶಾಸ್ತ್ರದ ಪ್ರಶ್ನೆಗಳು. ಇವರು ಬೇರೆ ಬೇರೆ ಕೊಠಡಿಗಳಲ್ಲಿ ಕುಳಿತಿರುವಷ್ಟು ಕಾಲವೂ ನದಿ ಕೆಡುತ್ತಲೇ ಹೋಯಿತು. ಕಡೆಗೆ 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿದ ಮೇಲೆಯೇ, ಒಂದು ಹನಿಯನ್ನೂ ಹೊರಬಿಡದೆ ನೀರನ್ನೂ ಉಪ್ಪನ್ನೂ ಮರಳಿ ಬಳಸುವ ವಿಧಾನ ಅಲ್ಲಿ ನೆಲೆಯೂರಿತು. ಇದರಿಂದ ಕಲಿಯಬೇಕಾದದ್ದೇನು? ವಿಶ್ವವಿದ್ಯಾನಿಲಯ ವಿದ್ಯೆಯನ್ನು ಇಲಾಖೆಗಳಾಗಿ ಹಂಚಿಕೊಂಡಿದೆ. ಕಷ್ಟ ಹಾಗೆ ಹಂಚಿಕೊಂಡು ಬರುವುದಿಲ್ಲ.

ಇನ್ನು ಪಂಡಿತರ ಗರ್ವದ ಮಾತು. ಇದಕ್ಕೆ ಉತ್ತರ ಬೆಟ್ಟದ ಮೇಲೆ, ವಾಲ್ಪಾರೈಯಲ್ಲಿದೆ. ಸುಮಾರು 220 ಚದರ ಕಿಲೋಮೀಟರಿನ ಆ ಪ್ರಸ್ಥಭೂಮಿಯಲ್ಲಿ ಚಹದ ತೋಟಗಳು, ಸುತ್ತಲೂ ಕಾಡು. ಆನೆಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ತೋಟದ ನಡುವೆಯೇ ಹಾದುಹೋಗುತ್ತವೆ. ಮೈಸೂರಿನಲ್ಲಿ ನೆಲೆಗೊಂಡ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ಸಂಶೋಧಕರು ಅಲ್ಲಿ ವರ್ಷಗಟ್ಟಲೆ ಆನೆಯ ಹಾದಿಯನ್ನು ಗುರುತಿಸಿದರು. ಅವರು ಕಂಡದ್ದು ಇದು: ಸತ್ತವರಲ್ಲಿ ಹೆಚ್ಚಿನವರು ಆನೆ ಹತ್ತಿರದಲ್ಲಿದೆಯೆಂಬುದನ್ನೇ ಅರಿಯದೆ ಅದರೆದುರು ಬಿದ್ದವರು. ಎಂದಮೇಲೆ ಪ್ರಾಣವುಳಿಸುವ ಸಾಧನ ಬಂದೂಕವಲ್ಲ, ಕಂದಕವಲ್ಲ, ಸುದ್ದಿ. ಆನೆ ಎಲ್ಲಿದೆಯೆಂಬುದನ್ನು ಸ್ಥಳೀಯ ದೂರದರ್ಶನದಲ್ಲಿಯೂ ಕೂಲಿಕಾರರ ಮೊಬೈಲಿಗೆ ಕಿರುಸಂದೇಶವಾಗಿಯೂ ತಿಳಿಸುವ ಏರ್ಪಾಡಾಯಿತು. ಎತ್ತರದ ಜಾಗಗಳಲ್ಲಿ ಕೆಂಪು ದೀಪಗಳನ್ನು ನಿಲ್ಲಿಸಿದರು. ಊರಿನವರೇ ಮೊಬೈಲಿನಿಂದ ಅವನ್ನು ಹೊತ್ತಿಸುತ್ತಾರೆ. ಈ ಕಾರ್ಯಕ್ಕಾಗಿ ಎಂ. ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ದೊರೆಯಿತು.

ವಾಚಕರು ಒಂದಂಶವನ್ನು ಗಮನಿಸಬೇಕು. ಆ ಸಂದೇಶ ಇಂಗ್ಲಿಷಿನಲ್ಲಿ ಮಾತ್ರ ಹೋಗುವುದಿಲ್ಲ; ತಮಿಳಿನಲ್ಲಿಯೂ ಹೋಗುತ್ತದೆ. ತಿಂಗಳ ತರುವಾಯ ಪ್ರಕಟವಾಗುವ ಪ್ರಬಂಧವಾಗಿ ಹೋಗುವುದಿಲ್ಲ. ಅದೇ ಸಂಜೆ ಹೋಗುತ್ತದೆ. ಸಂಶೋಧನೆಯನ್ನು ಜನರ ಮಾತಿನಲ್ಲಿ ಹೇಳುವುದು ಸಂಶೋಧಕನ ಕೆಲಸವಲ್ಲವೆಂದು ಅವರು ಭಾವಿಸಿದ್ದರೆ, ಆನೆಯ ಹಾದಿಯ ನಕ್ಷೆ ಗ್ರಂಥಾಲಯದಲ್ಲಿ ಭದ್ರವಾಗಿರುತ್ತಿತ್ತು. ತೋಟದ ಕೂಲಿ ಕತ್ತಲೆಯಲ್ಲಿ ಸಾಯುತ್ತಿದ್ದ. ಇಲ್ಲಿ ಭಾಷೆಯೆಂಬುದು ಸಂಶೋಧನೆಗೆ ಕೊನೆಯಲ್ಲಿ ತೊಡಿಸುವ ಅಲಂಕಾರವಲ್ಲ, ಸಂಶೋಧನೆಯ ಅಂಗವೇ.

ಕನ್ನಡದ ಹಿರಿಯರು ಇದನ್ನು ನೂರು ವರ್ಷಕ್ಕೂ ಹಿಂದೆಯೇ ಬಲ್ಲವರಾಗಿದ್ದರು. ಕೊ. 205 ಹೊಲಕ್ಕೆ ಬಂದ ಅದೇ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಪರಿಭಾಷೆಯಿಲ್ಲ, ಓದುಗರಿಲ್ಲ, ಹಣವಿಲ್ಲ ಎಂಬ ನೆಪಗಳು ಅವರಿಗೂ ಇದ್ದವು; ಅವರು ಆ ನೆಪಗಳನ್ನು ಹಿಡಿಯಲಿಲ್ಲ. ಇಂದು ಪರಿಭಾಷೆ ಬೆಳೆದಿದೆ, ಓದುಗರು ಹೆಚ್ಚಿದ್ದಾರೆ. ಆದರೂ ಕನ್ನಡದಲ್ಲಿ ಶಾಸ್ತ್ರವನ್ನು ಹೇಳಲಾಗದೆಂದು ಹೇಳುವ ಪಂಡಿತರಿದ್ದಾರೆ. ಲಾಗಾಯ್ತಿನಿಂದ ಹೊಲವನ್ನೂ ರೋಗವನ್ನೂ ಮಳೆಯನ್ನೂ ಹೆಸರಿಟ್ಟು ಕರೆದ ಭಾಷೆಗೆ ಶಕ್ತಿ ಸಾಲದೇ? ಸಾಲದಿರುವುದು ಹೇಳುವವರ ಮನಸ್ಸು.

ಇದರಿಂದ ಆಗುವ ನಷ್ಟ ಸಣ್ಣದಲ್ಲ. 2016ರಲ್ಲಿ ಪೊಳ್ಳಾಚಿಯ ತೆಂಗಿನ ತೋಟಗಳಲ್ಲಿ ಸುರುಳಿ ಬಿಳಿನೊಣ ಕಾಣಿಸಿಕೊಂಡಿತು. ಗರಿಯ ಅಡಿಭಾಗದಲ್ಲಿ ಬಿಳಿಯ ಸುರುಳಿಗಳು, ಕೆಳಗಿನ ಎಲೆಗಳ ಮೇಲೆ ಮಸಿಯಂಥ ಬೂಷ್ಟು. ಇದು ಅದರ ಗುರುತು. ಈ ನೊಣಕ್ಕೂ ಒಂದು ಸಣ್ಣ ಕಣಜ ಶತ್ರುವಾಗಿದೆ. ಆದ್ದರಿಂದ ಸಿಕ್ಕಿದ ವಿಷವನ್ನೆಲ್ಲ ಸಿಂಪಡಿಸಿ ಆ ಮಿತ್ರನನ್ನು ಕೊಲ್ಲಬಾರದೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಇದೇ ನೊಣ ಕರ್ನಾಟಕದ ತೆಂಗಿಗೂ ಬಂದಿದೆ. ಈ ನಾಲ್ಕು ವಾಕ್ಯಗಳು ತಲುಪಿದ ತೋಟದಲ್ಲಿ ಕಣಜ ಉಳಿಯುತ್ತದೆ. ತಲುಪದ ತೋಟದಲ್ಲಿ ರೈತ ಸಾಲ ಮಾಡಿ ವಿಷ ಕೊಂಡು ತನ್ನ ಮಿತ್ರನನ್ನೇ ಕೊಲ್ಲುತ್ತಾನೆ.

ತಲುಪಿಸುವವರು ಯಾರು? ಪಂಡಿತರು ಬರಲೆಂದು ಕಾಯುತ್ತ ಕೂಡುವುದು ಬೇಡ. ಕನ್ನಡ ಶಾಲೆಯಿರುವ ಪ್ರತಿಯೊಂದು ಊರಿನಲ್ಲಿ ಉಪಾಧ್ಯಾಯನಿದ್ದಾನೆ, ಕಣ್ಣು ಚುರುಕಾದ ಮಕ್ಕಳಿದ್ದಾರೆ. ಪಾಠದ ಪುಸ್ತಕದಲ್ಲಿ ‘ಕೀಟಗಳು’ ಎಂಬ ಅಧ್ಯಾಯ ಬಂದಾಗ ಮಕ್ಕಳನ್ನು ತೆಂಗಿನ ಮರದಡಿಗೆ ಕರೆದೊಯ್ದು ಗರಿಯನ್ನು ತಿರುಗಿಸಿ ತೋರಿಸಬಹುದು. ಶಾಲೆಯಲ್ಲಿ ಒಂದು ದಫ್ತರವಿಟ್ಟು, ಮಳೆ ಬಂದ ದಿನ, ಹುಳು ಕಂಡ ದಿನ, ಬಾವಿಯ ನೀರಿನ ಮಟ್ಟ ಇವನ್ನು ಬರೆಯಿಸಬಹುದು. ಕಂಡದ್ದನ್ನು ಕನ್ನಡದಲ್ಲಿಯೇ ಬರೆದು ಹತ್ತಿರದ ಸಂಶೋಧನ ಸಂಸ್ಥೆಗೆ ಕಳುಹಿಸಿ, ಕನ್ನಡದಲ್ಲಿಯೇ ಉತ್ತರ ಬೇಕೆಂದು ಕೇಳಬಹುದು. ಒಂದು ಶಾಲೆ ಕೇಳಿದರೆ ಉತ್ತರ ಬಾರದಿರಬಹುದು; ನೂರು ಶಾಲೆಗಳು ಕೇಳಿದರೆ ಬಂದೇ ತೀರುತ್ತದೆ.

ಸಂಶೋಧನೆ ಜನರ ಹಣದಿಂದ ನಡೆಯುತ್ತದೆ. ಜನರ ಹೊಲ, ಜನರ ನದಿ, ಜನರ ಪ್ರಾಣವೇ ಅದರ ವಸ್ತು. ಅದರ ಫಲವನ್ನು ಜನರ ಮಾತಿನಲ್ಲಿ ಕೇಳುವುದು ಭಿಕ್ಷೆಯಲ್ಲ, ಹಕ್ಕು. ಆ ಹಕ್ಕನ್ನು ಚಲಾಯಿಸಲು ಕಲಿಸುವ ಮೊದಲ ಸ್ಥಳ ಕನ್ನಡ ಶಾಲೆಯ ಒಂದನೆಯ ಮಣೆ.