ಪತ್ರಿಕೆ ಲೇಖಕನನ್ನು ನುಂಗಿತೇ?

ಶಿವಮೊಗ್ಗದ ವಿನೋಬನಗರದ ಪೊಲೀಸ್ ಚೌಕಿ ಹತ್ತಿರ ಬೆಳಗಿನ ಕಾಫಿಗೆ ಸೇರುವ ನಮ್ಮ ಗುಂಪಿನಲ್ಲಿ ಮೊನ್ನೆ ಹಿರಿಯರೊಬ್ಬರು ಹೇಳಿದರು: "ಲಂಕೇಶ್ ಪತ್ರಿಕೆ ಮಾಡದೆ ಇದ್ದಿದ್ರೆ ಎಂಥಾ ಸಾಹಿತಿ ಆಗ್ತಿದ್ರು ಕಣ್ರೀ! ರಾಜಕೀಯದ ರಾಡಿಗೆ ಇಳಿದು ಕೆಟ್ರು." ಕೂತವರೆಲ್ಲ ತಲೆಯಾಡಿಸಿದರು. ನನಗೆ ಕಾಫಿ ರುಚಿಸಲಿಲ್ಲ. ಎಷ್ಟೋ ವರ್ಷದಿಂದ ಕೇಳುತ್ತಿರುವ ಈ ಮಾತು ಶುದ್ಧ ತಪ್ಪು.

ನಮ್ಮ ತಾಲ್ಲೂಕಿನ ಕೊನಗವಳ್ಳಿಯಲ್ಲಿ 1935ರಲ್ಲಿ ಹುಟ್ಟಿದ ಪಿ. ಲಂಕೇಶ್ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಕಥೆ, ಕವಿತೆ, 'ಸಂಕ್ರಾಂತಿ'ಯಂಥ ನಾಟಕ ಬರೆದರು. 'ಪಲ್ಲವಿ' ಸಿನಿಮಾದ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಇಷ್ಟೆಲ್ಲ ಆದ ಮೇಲೆ, 1980ರಲ್ಲಿ, ಜಾಹೀರಾತೇ ಇಲ್ಲದ 'ಲಂಕೇಶ್ ಪತ್ರಿಕೆ' ಎಂಬ ವಾರಪತ್ರಿಕೆ ಶುರುಮಾಡಿದರು. ಓದುಗ ಕೊಟ್ಟ ಕಾಸಿನಲ್ಲೇ ಪತ್ರಿಕೆ ನಡೆಯಬೇಕು ಎಂಬ ಹಟ ಅದು. ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆದ ವರ್ಷವೂ ಅದೇ. ಅಂಥ ಹೊತ್ತಿನಲ್ಲಿ ಒಬ್ಬ ಕಥೆಗಾರ ವಿಧಾನಸೌಧದ ಕಡೆ ತಿರುಗಿ ನೋಡಿದ್ದು ಕೆಡುವುದು ಹೇಗಾದೀತು?

ಕೆಟ್ಟರು ಎನ್ನುವವರು 'ಕಲ್ಲು ಕರಗುವ ಸಮಯ' ಓದಲಿ. ಪತ್ರಿಕೆಯ ಕೆಲಸದ ನಡುವೆಯೇ ಬಂದ ಆ ಕಥೆಗಳಿಗೆ 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. 'ನೀಲು' ಹೆಸರಿನ ಅವರ ಕಿರುಪದ್ಯಗಳು ಹುಟ್ಟಿದ್ದೂ ಪತ್ರಿಕೆಯ ಪುಟದಲ್ಲೇ. ನನ್ನ ಮಟ್ಟಿಗೆ, ಅವರ ವಾಕ್ಯ ಗಟ್ಟಿಯಾದದ್ದೇ ವಾರವಾರ ಅಪರಿಚಿತ ಓದುಗನಿಗೆ ಬರೆಯಬೇಕಾಗಿ ಬಂದದ್ದರಿಂದ. ಅತ್ತ ರಾಜಕೀಯ ಬರಹಕ್ಕೂ ಕಥೆಗಾರನ ಕಣ್ಣು ಸಿಕ್ಕಿತು. ಮುಖ್ಯಮಂತ್ರಿಗಳಾಗಿದ್ದ ಗುಂಡೂರಾವ್ ಆಗಲಿ, ನಮ್ಮ ಜಿಲ್ಲೆಯವರೇ ಆದ ಬಂಗಾರಪ್ಪ ಆಗಲಿ, ಲಂಕೇಶರ ಬರಹದಲ್ಲಿ ಬರೀ ಹುದ್ದೆಯಾಗಿ ಉಳಿಯಲಿಲ್ಲ. ಆಸೆ, ಅಂಜಿಕೆ, ಜಂಬ ಇರುವ ಮನುಷ್ಯರಾಗಿ ಕಂಡರು. ಅಧಿಕಾರ ಎಂದರೆ ದೇವರ ಮೂರ್ತಿ ಎಂದುಕೊಂಡಿದ್ದ ಹಳ್ಳಿಯವನ ಹೆದರಿಕೆ ಬಿಡಿಸಿದ್ದು ಆ ನೋಟ. ಪತ್ರಕರ್ತ ತಟಸ್ಥನಾಗಿರಬೇಕು ಎಂಬ ಉಪದೇಶ ಗೋಲಿಬಾರಿನ ಮುಂದೆ ನಿಲ್ಲುವುದಿಲ್ಲ.

ಒಂದು ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು. 'ಗುಂ', 'ಬಂ' ಎಂದು ಹೆಸರು ತುಂಡರಿಸಿ ಆಡಿಕೊಳ್ಳುವ ಭಾಷೆ ಎಷ್ಟೋ ಸಲ ಹದ ಮೀರಿತು. ತಿರುಗಿ ಉತ್ತರ ಕೊಡಲಾಗದವರಿಗೂ ಏಟು ಬಿತ್ತು. ಮುಂದೆ ಬಂದ ಎಷ್ಟೋ ಟ್ಯಾಬ್ಲಾಯ್ಡುಗಳು ಆ ವಿಷವನ್ನಷ್ಟೇ ಕಲಿತವು, ವಿವೇಕವನ್ನು ಬಿಟ್ಟವು. ಇದನ್ನು ಹೇಳುವವರ ಜೊತೆ ನಾನು ಜಗಳಕ್ಕಿಳಿಯುವುದಿಲ್ಲ. ಆದರೆ ಅದು ಅವಸರದ, ಸಿಟ್ಟಿನ ತಪ್ಪು. ಸಾಹಿತ್ಯ ಬಿಟ್ಟು ರಾಜಕೀಯ ಬರೆದ ತಪ್ಪಲ್ಲ.

ಅದೇ ಪತ್ರಿಕೆ ತೆರೆದ ಬಾಗಿಲನ್ನೂ ನೋಡಬೇಕು. ಕಾಸರಗೋಡಿನ ಚಂದ್ರಗಿರಿ ಹೊಳೆಯ ದಂಡೆಯಿಂದ ಬಂದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಮೊದಲು ಧಾರಾವಾಹಿಯಾಗಿ ಬಂದದ್ದು ಅಲ್ಲಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ವರದಿಗಾರ್ತಿಯಾಗಿ ದುಡಿದದ್ದೂ ಅಲ್ಲೇ. ಮುಸ್ಲಿಂ ಮನೆಯ ಹೆಣ್ಣುಮಗಳ ತಲಾಖಿನ ಸಂಕಟವೂ ಮಂತ್ರಿಯ ಹಗರಣವೂ ಒಂದೇ ಕಟ್ಟಿನಲ್ಲಿ ಮನೆಗೆ ಬರುತ್ತಿದ್ದವು.

ಭದ್ರಾವತಿ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿದ್ದ ನಮ್ಮ ಸೋದರಮಾವನ ಮನೆಗೆ ಆ ಪತ್ರಿಕೆ ಮೂರು ಮನೆ ಸುತ್ತಿ ಬರುತ್ತಿತ್ತು. ಅತ್ತೆ ಪೇಪರು ಮುಟ್ಟಿದವಳೇ ಅಲ್ಲ. ಸಾರಾ ಅವರ ಕಾದಂಬರಿಯ ನಾದಿರಾಳ ಕಥೆ ಮುಂದೇನಾಯಿತು ಎಂದು ರೊಟ್ಟಿ ತಟ್ಟುತ್ತಲೇ ಪುಟ ತಿರುಗಿಸುವ ಅಭ್ಯಾಸ ಹತ್ತಿಸಿಕೊಂಡಳು. ಧಾರಾವಾಹಿಯ ಪುಟಕ್ಕೆ ಹಿಟ್ಟು ಮೆತ್ತಿರುತ್ತಿತ್ತು. ಕೆಲವು ತಿಂಗಳಾದ ಮೇಲೆ ಲಂಕೇಶರ ಅಂಕಣ 'ಟೀಕೆ ಟಿಪ್ಪಣಿ'ಯ ಪುಟಕ್ಕೂ ಮೆತ್ತತೊಡಗಿತು. ಆ ವರ್ಷಗಳಲ್ಲೇ ಒಂದು ರಾತ್ರಿ, ಊಟಕ್ಕೆ ಕೂತ ಮಾವನನ್ನು ಅವಳು ಕೇಳಿದಳು: "ಈ ಸಲ ಯಾರಿಗೆ ವೋಟು ಹಾಕ್ಬೇಕು ಅಂತ ನೀವೇ ಯಾಕ್ರೀ ಹೇಳ್ಬೇಕು?"