ಸುಳ್ಳು ಹೇಳೋ ಮುಳ್ಳು

ಫೆಬ್ರವರಿಯ ಒಂದು ಶನಿವಾರ ಪಕ್ಕದ ಮನೆ ಅಜ್ಜನ ಫೋನು. ಇಲ್ಲಿ ಒಹಾಯೋದಲ್ಲಿ ಊರು ದಾಟಿದರೆ ಹಿಮ ಮುಚ್ಚಿದ ಜೋಳದ ಹೊಲ ಬಿಟ್ಟು ಬೇರೇನೂ ಕಾಣಲ್ಲ. ಅಂಥಾ ರಸ್ತೆಯಲ್ಲಿ ಅವರ ಟ್ರಕ್ಕು ನಿಂತುಬಿಟ್ಟಿತ್ತು. ಜೊತೆಗೆ ಅಜ್ಜಿ ಬೇರೆ. ನಾನು ಹೋಗೋ ಹೊತ್ತಿಗೆ ಅಜ್ಜ ಬಾನೆಟ್ ಎತ್ತಿ, ನಡುಗುವ ಕೈಯಲ್ಲಿ ಕಾರ್ಬ್ಯುರೇಟರ್ ಬಿಚ್ಚೋಕೆ ನೋಡ್ತಾ ಇದ್ರು. “ಪೆಟ್ರೋಲ್ ಇದೆಯಾ?” ಅಂತ ಕೇಳಿದೆ. “ಅರ್ಧ ಟ್ಯಾಂಕ್ ಇದೆಯಪ್ಪಾ, ಅದರ ಚಿಂತೆ ಬಿಡು” ಅಂದ್ರು. ನಾನೂ ಬಗ್ಗಿ ನೋಡಿದೆ. ಮುಳ್ಳು ಸರಿಯಾಗಿ ನಡುಮಧ್ಯದಲ್ಲಿ ನಿಂತಿತ್ತು.

ಅಜ್ಜಿಯನ್ನ ನನ್ನ ಕಾರಲ್ಲಿ ಹೀಟರ್ ಮುಂದೆ ಕೂರಿಸಿ ಒಂದು ಗಂಟೆ ಒದ್ದಾಡಿದ್ವಿ. ಪೆಟ್ರೋಲ್ ಪಂಪಿನ ಪೈಪಲ್ಲಿ ಹನಿ ಇಲ್ಲ. ಹಾಗಾದ್ರೆ ಪಂಪೇ ಹೋಗಿದೆ ಅಂತ ತೀರ್ಮಾನ ಆಯ್ತು. ದುಡ್ಡು ಕೊಟ್ಟು ಗಾಡಿಯನ್ನ ಮನೆಗೆ ಎಳೆಸಿದ್ದಾಯ್ತು, ಹೊಸ ಪಂಪೂ ಬಂತು. ಅದನ್ನ ಹಾಕಿದ ಮೇಲೂ ಗಾಡಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಬೇಜಾರಾಗಿ ಸೀಟಿನ ಹಿಂದಿರೋ ಟ್ಯಾಂಕಿಗೆ ಬೆರಳಲ್ಲಿ ಬಡಿದು ನೋಡಿದೆ. ಖಾಲಿ ಕೊಡದ ಹಾಗೆ ಠಣ್ ಅಂತು!

ನನ್ನ ಮಟ್ಟಿಗೆ, ಸತ್ತ ಮೀಟರ್ ಇದಕ್ಕಿಂತ ಎಷ್ಟೋ ವಾಸಿ. ಅದು ಸತ್ತಿದ್ರೆ ಅಜ್ಜ ಮೈಲಿ ಲೆಕ್ಕ ಇಟ್ಟು ಓಡಿಸ್ತಿದ್ರು. ಇದು ನಂಬೋ ಹಾಗೆ ಸುಳ್ಳು ಹೇಳಿ, ಇಬ್ಬರೂ ಬೇರೆ ಕಡೆಯೇ ಹುಡುಕೋ ಹಾಗೆ ಮಾಡ್ತು.

ಟ್ರಕ್ಕು ಅಂದ್ರೆ ನಮ್ಮ ಲಾರಿ ಅಲ್ಲ, ಹಿಂದೆ ತೆರೆದ ತೊಟ್ಟಿ ಇರೋ ಪಿಕಪ್ಪು. 1951ರ ಶೆವರ್ಲೆ 3100. ಅಜ್ಜನ ಅಪ್ಪ ಹೊಸದಾಗಿ ಕೊಂಡಿದ್ದಂತೆ. ಆ ಕಾಲದ ಗಾಡಿಗಳಲ್ಲಿ ಆರು ವೋಲ್ಟಿನ ಬ್ಯಾಟರಿ. ಶೆವರ್ಲೆ ಟ್ರಕ್ಕಿಗೆ ಹನ್ನೆರಡು ವೋಲ್ಟ್ ಬಂದಿದ್ದು 1955ರಲ್ಲಿ. ಚಳಿಗಾಲದಲ್ಲಿ ಸ್ಟಾರ್ಟರ್ ಮುಕ್ಕರಿಯುತ್ತೆ ಅಂತ ಅಜ್ಜ ಹೋದ ವರ್ಷ ಒಂದು ವರ್ಕ್‌ಶಾಪಿನಲ್ಲಿ ಇಡೀ ಗಾಡಿಯನ್ನ ಹನ್ನೆರಡಕ್ಕೆ ಬದಲಾಯಿಸಿದ್ರು. ಡೈನಮೋ ಹೋಗಿ ಆಲ್ಟರ್ನೇಟರ್ ಬಂತು, ಬಲ್ಬುಗಳೆಲ್ಲ ಹೊಸದಾದವು. ಡ್ಯಾಶ್‌ಬೋರ್ಡಿನಲ್ಲಿ ತಲೆನೋವು ಇರೋದು ಒಂದೇ ಒಂದು. ಆಯಿಲ್ ಪ್ರೆಷರ್ ಮೀಟರಿಗೆ ಬರೋದು ಆಯಿಲ್ ಪೈಪು, ಟೆಂಪರೇಚರ್ ಮೀಟರಿಗೂ ವೈರಿಲ್ಲ, ಸಣ್ಣ ಕೊಳವೆ. ಆಂಪಿಯರ್ ಮೀಟರಿಗೆ ವೋಲ್ಟಿನ ಹಂಗಿಲ್ಲ. ಉಳಿದಿದ್ದು ಪೆಟ್ರೋಲ್ ಮೀಟರ್.

ಅದರೊಳಗೆ ಎರಡು ಕಾಯಿಲ್. ಒಂದು ಮುಳ್ಳನ್ನ ಖಾಲಿ ಕಡೆ ಎಳೆಯುತ್ತೆ, ಇನ್ನೊಂದು ತುಂಬಿದ ಕಡೆ. ಟ್ಯಾಂಕಿನಲ್ಲಿ ತೇಲೋ ಬುರುಡೆಗೆ ಸೇರಿಸಿರೋ ಸೆಂಡರ್, ಖಾಲಿ ಇದ್ದಾಗ ಸೊನ್ನೆ ಓಮ್, ತುಂಬಿದಾಗ 30 ಓಮ್ ತೋರಿಸಿ ಈ ಹಗ್ಗಜಗ್ಗಾಟದಲ್ಲಿ ಯಾರು ಗೆಲ್ಲಬೇಕು ಅಂತ ಹೇಳುತ್ತೆ. ಎರಡೂ ಕಡೆಯವರಿಗೆ ಶಕ್ತಿ ಒಟ್ಟಿಗೆ ಹೆಚ್ಚಿದರೆ ಹಗ್ಗ ಇದ್ದಲ್ಲೇ ಇರುತ್ತೆ ಅಲ್ವಾ? ಹಾಗಾಗಿ ಹನ್ನೆರಡು ವೋಲ್ಟ್ ಕೊಟ್ಟರೂ ಮುಳ್ಳು ಹೆಚ್ಚುಕಡಿಮೆ ಸರಿಯಾಗೇ ತೋರಿಸುತ್ತೆ. ಆದ್ರೆ ವೋಲ್ಟು ಎರಡರಷ್ಟಾದ್ರೆ ಕಾಯಿಲ್ಲಿನ ಬಿಸಿ ನಾಲ್ಕರಷ್ಟು. ಇವತ್ತಲ್ಲ ನಾಳೆ ಸುಟ್ಟುಹೋಗುತ್ತೆ. ಅದಕ್ಕೇ ವೋಲ್ಟ್ ಇಳಿಸಬೇಕು. ಕೇಳಿದವರೆಲ್ಲ “ಒಂದು ರೆಸಿಸ್ಟರ್ ಹಾಕಿ” ಅಂತಾರೆ. ಎಲ್ಲಿ ಹಾಕಬೇಕು ಅಂತ ಯಾರೂ ಹೇಳಲ್ಲ. ನನ್ನ ಸಿಟ್ಟು ಇರೋದು ಇಲ್ಲೇ.

ಭಾನುವಾರ ಮಲ್ಟಿಮೀಟರ್ ಹಿಡಿದು ಕೂತೆ. ಅಜ್ಜ ಆಗಲೇ ಹೊಸ ಮೀಟರ್, ಹೊಸ ಸೆಂಡರ್ ಎರಡನ್ನೂ ಆರ್ಡರ್ ಮಾಡೋ ಆತುರದಲ್ಲಿದ್ರು. ತಡೀರಿ ಅಂದೆ. (ಟ್ಯಾಂಕು ಇರೋದು ಕ್ಯಾಬಿನ್ ಒಳಗೇ. ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಬಾಗಿಲೆಲ್ಲ ತೆಗೆದಿಟ್ಟು, ವೈರ್ ಬಿಚ್ಚೋವಾಗ ಕಟ್ಟೋವಾಗ ಇಗ್ನಿಷನ್ ಆಫ್ ಮಾಡಿ, ವೈರಿನ ತುದಿಯನ್ನ ಟ್ಯಾಂಕಿಂದ ದೂರ ತಂದು ಕೆಲಸ ಮಾಡಿದ್ವಿ. ಯಾರಾದ್ರೂ ಮಾಡೋದಾದ್ರೆ ದಯವಿಟ್ಟು ಹಾಗೇ ಮಾಡಿ.)

ಸೆಂಡರಿನ ವೈರ್ ಬಿಚ್ಚಿ ಗಾಳಿಯಲ್ಲಿ ಬಿಟ್ಟರೆ ಮುಳ್ಳು ತುಂಬಿದ ಗುರುತನ್ನೂ ದಾಟಬೇಕು. ದಾಟಿತು. ಅದೇ ವೈರನ್ನ ಬಾಡಿಗೆ ತಾಗಿಸಿದ್ರೆ ಪೂರ್ತಿ ಖಾಲಿಗೆ ಬೀಳಬೇಕು. ಬೀಳಲಿಲ್ಲ! ಮೂರನೇ ಒಂದು ಭಾಗದ ಹತ್ತಿರ ನಿಂತುಬಿಡ್ತು. ಅಂದ್ರೆ ಸೆಂಡರ್ ಇನ್ನೂ ಆಟಕ್ಕೇ ಬಂದಿಲ್ಲ, ತಪ್ಪು ವೈರಿನಲ್ಲೇ ಇದೆ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ವೈರ್ ಹಿಡಿದು ಹೋದ್ರೆ, ಕಪ್ಪು ಟೇಪು ಸುತ್ತಿದ ಒಂದು ಉಬ್ಬು. ಬಿಚ್ಚಿದ್ರೆ ಬಿಳೀ ಪಿಂಗಾಣಿ ರೆಸಿಸ್ಟರ್, ಮೈಮೇಲೆ 10 ಓಮ್ ಅಂತ ಬರೆದಿದೆ. ಮೀಟರಿಗೆ ಕರೆಂಟ್ ಬರೋ ವೈರಿನ ಬದಲು, ಮೀಟರಿಂದ ಸೆಂಡರಿಗೆ ಹೋಗೋ ವೈರಿಗೆ ಅದನ್ನ ಕಟ್ಟಿದ್ರು ಮಹಾನುಭಾವರು. ಕಾಯಿಲ್ಲನ್ನ ಅದು ಕಾಪಾಡ್ತಾನೂ ಇರಲಿಲ್ಲ. ಸೆಂಡರ್ ಹೇಳಿದ್ದಕ್ಕೆಲ್ಲ ತನ್ನದೊಂದು ಹತ್ತು ಓಮ್ ಸೇರಿಸಿ ಹೇಳ್ತಿತ್ತು ಅಷ್ಟೆ.

ಆದ್ರೆ ಲೆಕ್ಕ ತಾಳೆ ಆಗ್ಲಿಲ್ಲ. 30ಕ್ಕೆ 10 ಅಂದ್ರೆ ಮೂರನೇ ಒಂದು ಭಾಗ. ರಸ್ತೆಯಲ್ಲಿ ತೋರಿಸಿದ್ದು ಅರ್ಧ, ಅಂದ್ರೆ 15. ಇನ್ನೊಂದು ಐದು ಓಮ್ ಎಲ್ಲಿಂದ ಬಂತು? ನಿಜ ಹೇಳ್ಬೇಕಂದ್ರೆ ರೆಸಿಸ್ಟರ್ ಸಿಕ್ಕಿದ ಖುಷಿಗೆ ಎದ್ದುಬಿಡೋಣ ಅನ್ನಿಸಿತ್ತು. ಆಫೀಸಿನಲ್ಲಿ ಒಂದು ಬಗ್ ಸಿಕ್ಕ ತಕ್ಷಣ ಟಿಕೆಟ್ ಮುಚ್ಚಿಬಿಡೋ ಚಟ ನನಗೂ ಇದೆ :-) ರೆಸಿಸ್ಟರ್ ಕಿತ್ತು ಸೆಂಡರ್ ಜೋಡಿಸಿದ್ರೆ ಖಾಲಿ ಟ್ಯಾಂಕಿಗೆ ಮುಳ್ಳು ಇನ್ನೂ ಆರನೇ ಒಂದು ಭಾಗ ಮೇಲೇ ಇತ್ತು. ಸೆಂಡರಿನ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಅಳೆದೆ. ಐದು ಓಮ್! ಅರ್ತ್ ಸರಿ ಇಲ್ಲ. ಟ್ಯಾಂಕ್ ಕಟ್ಟಿರೋ ಪಟ್ಟಿಗೆ ದಪ್ಪಗೆ ಹೊಸ ಪೇಂಟು, ಕ್ಯಾಬಿನ್ ಕೂತಿರೋದು ರಬ್ಬರಿನ ಮೇಲೆ, ಕ್ಯಾಬಿನ್ನಿಂದ ಚಾಸಿಗೆ ಹೋಗೋ ಅರ್ತ್ ಪಟ್ಟಿ ತುಕ್ಕು ಹಿಡಿದು ಒಂದೆರಡು ಎಳೆಯಲ್ಲಿ ನೇತಾಡ್ತಿತ್ತು. ಬ್ಯಾಟರಿ ಬಿಚ್ಚಿ, ಪೇಂಟ್ ಕೆರೆದು, ಸೆಂಡರಿಗೆ ಬೇರೆ ಅರ್ತ್ ವೈರ್ ಎಳೆದು, ಪಟ್ಟಿ ಬದಲಾಯಿಸಿದ್ವಿ. ಮುಳ್ಳು ಖಾಲಿ ಗುರುತಿನ ಮೇಲೆ ಬಂದು ಮಲಗಿತು.

ವೋಲ್ಟ್ ಇಳಿಸೋಕೆ 7806 ಅನ್ನೋ ಮೂರು ಕಾಲಿನ ರೆಗ್ಯುಲೇಟರ್ ಹಾಕಿದೆ. ಎಷ್ಟೇ ಬಂದ್ರೂ ಆರು ವೋಲ್ಟ್ ಕೊಡುತ್ತೆ, ಬೆಲೆ ಒಂದು ಕಾಫಿಗಿಂತ ಕಡಿಮೆ. ಅದರ ಬೆನ್ನಿನ ಲೋಹ ನೆಗೆಟಿವ್ ಆದ್ದರಿಂದ ನೇರ ಬಾಡಿಗೇ ಬೋಲ್ಟ್ ಮಾಡಬಹುದು. ಇದು ಶೆವರ್ಲೆಯಂಥ ನೆಗೆಟಿವ್ ಅರ್ತ್ ಗಾಡಿಗೆ ಮಾತ್ರ. ಅದೇ ಕಾಲದ ಫೋರ್ಡ್‌ಗಳದ್ದು ಪಾಸಿಟಿವ್ ಅರ್ತ್, ಅಲ್ಲಿ ಹೀಗೆ ಮಾಡೋಕೆ ಹೋಗಬೇಡಿ.

ನನಗೆ ಹೊಟ್ಟೆ ಉರಿದಿದ್ದು ಆಮೇಲೆ. ಗ್ಯಾರೇಜಿನ ಮೂಲೆಯಲ್ಲಿ ವರ್ಕ್‌ಶಾಪಿನವರು ಬಿಚ್ಚಿಕೊಟ್ಟಿದ್ದ ಹಳೇ ಬ್ಯಾಟರಿ ಕೇಬಲ್ ಇತ್ತು. ಈಗಿನ ಕಾರಿಗೆ ಹಾಕೋ ಅಂಥ ಸಪೂರ ಕೇಬಲ್. ಆರು ವೋಲ್ಟಿನಲ್ಲಿ ಅಷ್ಟೇ ಕೆಲಸಕ್ಕೆ ಎರಡರಷ್ಟು ಕರೆಂಟ್ ಬೇಕು, ಅದಕ್ಕೆ ಕೇಬಲ್ ಹೆಬ್ಬೆರಳು ಗಾತ್ರ ಇರಬೇಕು. ಸ್ಟಾರ್ಟರ್ 200 ಆಂಪಿಯರ್ ಎಳೆಯುತ್ತೆ ಅಂತಿಟ್ಕೊಳ್ಳಿ. ಕೇಬಲ್, ತುಕ್ಕು ಎಲ್ಲಾ ಸೇರಿ ಓಮ್‌ನ ಇನ್ನೂರನೇ ಒಂದು ಭಾಗ ಅಡ್ಡ ನಿಂತರೂ ಒಂದು ವೋಲ್ಟ್ ದಾರಿಯಲ್ಲೇ ಮಾಯ. ಆರರಲ್ಲಿ ಒಂದು! ಮುಕ್ಕರಿಯದೆ ಇನ್ನೇನು ಮಾಡುತ್ತೆ? ಹನ್ನೆರಡು ವೋಲ್ಟಿಗೆ ಬದಲಾಯಿಸಿದ್ದರಿಂದ ಆ ರೋಗ ವಾಸಿಯಾಗಲಿಲ್ಲ, ಮುಚ್ಚಿಹೋಯ್ತು. ಆಮೇಲೆ ಬೇರೆ ವೇಷದಲ್ಲಿ ಪೆಟ್ರೋಲ್ ಮೀಟರಿನಲ್ಲಿ ಎದ್ದು ಬಂತು.

ಹನ್ನೆರಡು ವೋಲ್ಟೇ ಬೇಡ ಅಂತ ನಾನು ಹೇಳ್ತಿಲ್ಲ. ರಾತ್ರಿ ದೀಪ ಚೆನ್ನಾಗಿ ಉರಿಯುತ್ತೆ, ಫೋನ್ ಚಾರ್ಜ್ ಮಾಡಬಹುದು, ಬ್ಯಾಟರಿ ಯಾವ ಅಂಗಡಿಯಲ್ಲೂ ಸಿಗುತ್ತೆ. ಅದಕ್ಕಾಗಿ ಬದಲಾಯಿಸಿ, ಬೇಡ ಅನ್ನೋರು ಯಾರು? ಆದ್ರೆ ಸ್ಟಾರ್ಟರ್ ನಿಧಾನ ಅನ್ನೋ ಕಾರಣಕ್ಕೆ ಎಪ್ಪತ್ತೈದು ವರ್ಷ ದುಡಿದ ವ್ಯವಸ್ಥೆಯನ್ನ ಕಿತ್ತೆಸೆಯೋ ಮುಂಚೆ, ಸ್ಟಾರ್ಟರ್ ತಿರುಗುವಾಗ ಕೇಬಲ್ಲಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು ನೋಡೋಕೆ ಐದು ನಿಮಿಷ ಸಾಕಿತ್ತು. ವರ್ಕ್‌ಶಾಪಿನವರು ಅದನ್ನ ಮಾಡಲಿಲ್ಲ. ಐದು ನಿಮಿಷದ ಕೆಲಸಕ್ಕೆ ಬಿಲ್ ಎಷ್ಟು ಹಾಕೋಕಾಗುತ್ತೆ ಹೇಳಿ?

ಅಜ್ಜ ಇದನ್ನೆಲ್ಲ ಕೇಳಿ, ಒಂದು ನಿಮಿಷ ಸುಮ್ಮನಿದ್ದು, “ಹಾಗಾದ್ರೆ ದಪ್ಪ ಕೇಬಲ್ ತಂದು ವಾಪಸ್ ಆರು ವೋಲ್ಟಿಗೇ ಮಾಡಿಬಿಡೋಣ್ವಾ?” ಅಂದ್ರು. ಕಾಫಿ ತಂದ ಅಜ್ಜಿ ಅಜ್ಜನ್ನ ಒಂದು ಸಲ ನೋಡಿದ್ರು ಅಷ್ಟೆ. ಆ ಮಾತು ಮತ್ತೆ ಬಂದಿಲ್ಲ. ಈಗ ಅಜ್ಜಿ ಗಾಡಿ ಹತ್ತೋ ಮುಂಚೆ ಸೀಟಿನ ಹಿಂದೆ ಕೈ ಹಾಕಿ ಟ್ಯಾಂಕನ್ನ ಒಂದು ಸಲ ಬಡಿದು ನೋಡ್ತಾರೆ.