‘ಹಸಿ ಹಾಲು ಕುಡಿದವರ ಕಾಲವೇ ಚೆಂದ’ ಎಂಬ ಫಾರ್ವರ್ಡ್ ಕಳಿಸುವ ಮುನ್ನ: ಅಯೋವಾ ರೈತರ ‘ಹಸು ಯುದ್ಧ’ದ ಕಥೆ

“ಹಿಂದಿನವರು ಕೊಟ್ಟಿಗೆಯಿಂದ ನೇರವಾಗಿ ಹಸಿ ಹಾಲು ಕುಡಿಯುತ್ತಿದ್ದರು. ಡಾಕ್ಟರ ಮುಖ ನೋಡದೆ ನೂರು ವರ್ಷ ಬದುಕುತ್ತಿದ್ದರು. ಈ ಪರೀಕ್ಷೆ, ಪಾಶ್ಚರೀಕರಣ ಎಲ್ಲ ಕಂಪನಿಗಳ ಹುನ್ನಾರ.” ಈ ಧಾಟಿಯ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಎಷ್ಟೋ ಸಲ ಅದರ ಜೊತೆಗೆ ಕೆಂಪು ಕೊಟ್ಟಿಗೆ, ಜೋಳದ ಹೊಲ, ನಗುನಗುತ್ತಾ ನಿಂತ ರೈತ ಕುಟುಂಬದ ಹಳೆಯ ಅಮೆರಿಕನ್ ಫೋಟೊ ಕೂಡ ಇರುತ್ತದೆ.

ಆ ಫೋಟೊದ ಜನ ನಿಜವಾಗಿ ಹೇಗೆ ಬದುಕುತ್ತಿದ್ದರು? ಹಾಲಿನ ಪರೀಕ್ಷೆ ಅಲ್ಲಿಗೆ ಬಂದಾಗ ಏನಾಯಿತು? ನೋಡೋಣ.

ಫೋಟೊದ ಒಳಗಿನ ಬದುಕು

ಅಮೆರಿಕದ ನಡುಭಾಗದಲ್ಲಿ ಅಯೋವಾ ಎಂಬ ರಾಜ್ಯವಿದೆ. ಮೆಕ್ಕೆಜೋಳ, ಹಂದಿ, ಹಸು ಅಲ್ಲಿನ ಬೇಸಾಯದ ಬೆನ್ನೆಲುಬು. ರಾಜ್ಯದ ಪೂರ್ವ ಭಾಗದಲ್ಲಿ ಸೀಡರ್ ಕೌಂಟಿ ಇದೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನಂಥ ಆಡಳಿತ ಘಟಕ. 1929ರಿಂದ 1933ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರ್ ಹುಟ್ಟಿದ್ದು ಇದೇ ಕೌಂಟಿಯ ವೆಸ್ಟ್ ಬ್ರಾಂಚ್ ಎಂಬ ಊರಿನಲ್ಲಿ.

ಅಧ್ಯಕ್ಷರನ್ನು ಕೊಟ್ಟ ಊರಾದರೂ ಹಳ್ಳಿಗಳಲ್ಲಿ ಕತ್ತಲೆಯೇ. 1930ರ ದಶಕದ ನಡುವಿನಲ್ಲಿ ಇಡೀ ಅಮೆರಿಕದ ರೈತರ ಮನೆಗಳಲ್ಲಿ ಹತ್ತರಲ್ಲಿ ಸುಮಾರು ಒಂದಕ್ಕೆ ಮಾತ್ರ ಕರೆಂಟು ಇತ್ತು. ಉಳಿದವರಿಗೆ ಸೀಮೆಎಣ್ಣೆ ದೀಪ, ಕೈಪಂಪಿನ ನೀರು, ಕಟ್ಟಿಗೆಯ ಒಲೆ. ಕಾಳು ಬಿಡಿಸಿದ ಜೋಳದ ದಿಂಡು ಕೂಡ ಒಲೆಗೇ ಹೋಗುತ್ತಿತ್ತು. ಬಟ್ಟೆ ಒಗೆಯಲು ಹೆಂಗಸರಿಗೆ ವಾರದಲ್ಲಿ ಒಂದು ಪೂರ್ತಿ ದಿನ ಬೇಕಿತ್ತು. ಹಾಲು ಕರೆದ ಮೇಲೆ ಕೈಯಿಂದ ತಿರುಗಿಸುವ ಯಂತ್ರದಲ್ಲಿ ಕೆನೆ ಬೇರ್ಪಡಿಸುತ್ತಿದ್ದರು. ಕೆನೆ ಮತ್ತು ಮೊಟ್ಟೆ ಮಾರಿದ ದುಡ್ಡಲ್ಲಿ ಮನೆಯ ದಿನಸಿ ಬರುತ್ತಿತ್ತು. ಕೆನೆ ತೆಗೆದ ಹಾಲು ಹಂದಿ, ಕರುಗಳ ಪಾಲು.

ಒಕ್ಕಣೆಗೆ ನೆರೆಹೊರೆಯವರೆಲ್ಲ ಸೇರುತ್ತಿದ್ದರು. ನಾವು ಮುಯ್ಯಾಳು ಅನ್ನುತ್ತೇವಲ್ಲ, ಹಾಗೆಯೇ. ಇವತ್ತು ನಿನ್ನ ಹೊಲ, ನಾಳೆ ನನ್ನದು. ಮಕ್ಕಳಿಗೆ ಒಂದೇ ಕೋಣೆಯ ಶಾಲೆ. ಟೆಲಿಫೋನು ಮಾತ್ರ ಬೇಗನೇ ಬಂದಿತ್ತು, ಆದರೆ ಹಲವು ಮನೆಗಳಿಗೆ ಒಂದೇ ತಂತಿ. ಯಾರಿಗೋ ಬಂದ ಕರೆಯನ್ನು ಉಳಿದವರು ರಿಸೀವರ್ ಎತ್ತಿ ಕೇಳಿಸಿಕೊಳ್ಳಬಹುದಿತ್ತು. ಅದು ಆ ಕಾಲದ ವಾಟ್ಸಾಪ್ ಗ್ರೂಪ್ ಎನ್ನಬಹುದು.

ನೂರು ವರ್ಷ ಬದುಕುತ್ತಿದ್ದರೇ?

1900ರಲ್ಲಿ ಅಮೆರಿಕನ್ನರ ಸರಾಸರಿ ಆಯುಷ್ಯ ಸುಮಾರು 47 ವರ್ಷ. ಹಾಗಂತ ಎಲ್ಲರೂ 47ಕ್ಕೇ ಸಾಯುತ್ತಿದ್ದರು ಎಂದಲ್ಲ. ಆಗ ಹುಟ್ಟಿದ 1,000 ಮಕ್ಕಳಲ್ಲಿ ಸುಮಾರು 100 ಮಕ್ಕಳು ಮೊದಲ ಹುಟ್ಟುಹಬ್ಬವನ್ನೂ ಕಾಣುತ್ತಿರಲಿಲ್ಲ. 1,000 ಹೆರಿಗೆಗೆ 6ರಿಂದ 9 ತಾಯಂದಿರು ಸಾಯುತ್ತಿದ್ದರು. ಬಾಲ್ಯ ದಾಟಿದವರಲ್ಲಿ ಹಲವರು ಎಂಬತ್ತು, ತೊಂಬತ್ತು ವರ್ಷ ಗಟ್ಟಿಯಾಗಿ ಬದುಕಿದರು. ನಮ್ಮ ನೆನಪಿನಲ್ಲಿ ಉಳಿಯುವುದು ಅಂಥವರೇ. ತೊಟ್ಟಿಲಲ್ಲೇ ಹೋದ ಮಗುವಿನ ಮಾತು ಫಾರ್ವರ್ಡಿನಲ್ಲಿ ಬರುವುದಿಲ್ಲ.

ಆ ಹಾಲಿನಲ್ಲಿ ಏನಿತ್ತು?

ಹಸುಗಳಿಗೂ ಕ್ಷಯ, ಅಂದರೆ ಟಿಬಿ ಬರುತ್ತದೆ. ನೋಡಲು ದಷ್ಟಪುಷ್ಟವಾಗಿರುವ ಹಸುವಿನಲ್ಲೂ ರೋಗಾಣು ಇರಬಹುದು, ಅದು ಹಾಲಿಗೆ ಇಳಿಯಬಹುದು. ಆ ಹಾಲನ್ನು ಕಾಯಿಸದೆ ಕುಡಿದ ಮಕ್ಕಳಿಗೆ ಕತ್ತಿನ ಗ್ರಂಥಿಗಳು ಊದಿಕೊಳ್ಳುವ ಗಂಡಮಾಲೆ, ಮೂಳೆ ಮತ್ತು ಕರುಳಿನ ಕ್ಷಯ ಬರುತ್ತಿತ್ತು. ಕೆನೆ ತೆಗೆದ ಹಾಲು ಕುಡಿದ ಹಂದಿಗಳಿಗೂ ರೋಗ ಹರಡುತ್ತಿತ್ತು. ಕ್ಷಯಕ್ಕೆ ಆಗ ಔಷಧಿಯೇ ಇರಲಿಲ್ಲ.

1917ರಲ್ಲಿ ಅಮೆರಿಕ ಸರ್ಕಾರ ರಾಜ್ಯಗಳ ಜೊತೆ ಸೇರಿ ಜಾನುವಾರು ಕ್ಷಯ ನಿರ್ಮೂಲನೆಗೆ ಹೊರಟಿತು. ಆಗ ದೇಶದ 20 ಜಾನುವಾರುಗಳಲ್ಲಿ ಸುಮಾರು ಒಂದಕ್ಕೆ ರೋಗವಿತ್ತು. ವಿಧಾನ ಸರಳ: ಬಾಲದ ಬುಡದ ಚರ್ಮಕ್ಕೆ ‘ಟ್ಯೂಬರ್ಕ್ಯುಲಿನ್’ ಚುಚ್ಚಿ ಮೂರು ದಿನ ಬಿಟ್ಟು ನೋಡುವುದು. ಊದಿಕೊಂಡಿದ್ದರೆ ಆ ಹಸುವನ್ನು ಕಸಾಯಿಖಾನೆಗೆ ಕಳಿಸುವುದು. ನಮ್ಮಲ್ಲಿ ಮಕ್ಕಳ ಮುಂಗೈಗೆ ಚುಚ್ಚಿ ಮಾಡುವ ಮ್ಯಾಂಟೂ ಪರೀಕ್ಷೆಯೂ ಇದೇ ತತ್ವದ್ದು. ಟ್ಯೂಬರ್ಕ್ಯುಲಿನ್‌ನಲ್ಲಿ ಜೀವಂತ ರೋಗಾಣು ಇರುವುದಿಲ್ಲ. ಹಾಗಾಗಿ ಅದರಿಂದ ಕ್ಷಯ ಬರಲು ಸಾಧ್ಯವಿಲ್ಲ.

1931: ಹಸುಗಳ ಯುದ್ಧ

ಸೀಡರ್ ಕೌಂಟಿಯಲ್ಲಿ ಬೇರೆಯೇ ಸುದ್ದಿ ಹರಡಿತ್ತು. ಚುಚ್ಚಿದರೆ ಹಸು ಕಂದು ಹಾಕುತ್ತದೆ, ಪರೀಕ್ಷೆಯಿಂದಲೇ ರೋಗ ಬರುತ್ತದೆ, ಪಶುವೈದ್ಯರೂ ಮಾಂಸದ ಕಂಪನಿಗಳೂ ಒಳಗೊಳಗೇ ಕೈಜೋಡಿಸಿದ್ದಾರೆ ಎಂದು.

ಈ ಬೆಂಕಿಗೆ ತುಪ್ಪ ಸುರಿದವನು ನಾರ್ಮನ್ ಬೇಕರ್. ಪಕ್ಕದ ಮಸ್ಕಟೀನ್ ಊರಿನಲ್ಲಿ 1925ರಿಂದ ಅವನ ರೇಡಿಯೊ ಕೇಂದ್ರವಿತ್ತು. ರೈತರ ಪರವಾಗಿ ಮಾತಾಡುತ್ತಾ, ವೈದ್ಯರನ್ನು ಬೈಯುತ್ತಾ, ಪರೀಕ್ಷೆಯ ವಿರುದ್ಧ ಪ್ರಚಾರ ಮಾಡುತ್ತಿದ್ದ. ಅದೇ ಬಾಯಲ್ಲಿ ತನ್ನ ಬಳಿ ಕ್ಯಾನ್ಸರಿಗೆ ಮದ್ದಿದೆ ಎಂದೂ ಹೇಳುತ್ತಿದ್ದ.

1931ರ ವಸಂತದಲ್ಲಿ ರೈತರು ಪಶುವೈದ್ಯರನ್ನು ಕೊಟ್ಟಿಗೆಗೆ ಬಿಡದೆ ವಾಪಸ್ ಕಳಿಸಿದರು. ರಾಜಧಾನಿ ಡೆ ಮೊಯಿನ್‌ಗೆ ಹೋಗಿ ಪ್ರತಿಭಟಿಸಿದರು. ಸೆಪ್ಟೆಂಬರಿನಲ್ಲಿ ಟಿಪ್ಟನ್ ಬಳಿಯ ತೋಟವೊಂದರಲ್ಲಿ ನೂರಾರು ರೈತರು ಕೋಲು ಹಿಡಿದು ಅಡ್ಡ ನಿಂತರು, ಅಶ್ರುವಾಯು ಸಿಡಿಯಿತು. ಕೊನೆಗೆ ಗವರ್ನರ್ ಡ್ಯಾನ್ ಟರ್ನರ್ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸಿದರು. ಕೋವಿಯ ಕಾವಲಿನಲ್ಲಿ ಹಸುಗಳ ಪರೀಕ್ಷೆ ನಡೆಯಿತು. ಇತಿಹಾಸದಲ್ಲಿ ಇದಕ್ಕೆ ‘ಹಸು ಯುದ್ಧ’ ಎಂದೇ ಹೆಸರು.

ರೈತರು ದಡ್ಡರಾಗಿದ್ದರೇ?

ಖಂಡಿತ ಅಲ್ಲ. ಅವರ ಸಿಟ್ಟಿಗೆ ನಿಜವಾದ ಕಾರಣಗಳಿದ್ದವು. ಆರ್ಥಿಕ ಮಹಾಕುಸಿತದ ದಿನಗಳವು. ಜೋಳ, ಹಂದಿ, ಹಾಲು ಎಲ್ಲದರ ಬೆಲೆ ನೆಲಕಚ್ಚಿತ್ತು, ತಲೆಯ ಮೇಲೆ ಸಾಲವಿತ್ತು. ಹಸು ಹೋದರೆ ಸರ್ಕಾರ ಪರಿಹಾರ ಕೊಡುತ್ತಿತ್ತು ನಿಜ, ಆದರೆ ನಷ್ಟದ ಒಂದು ಪಾಲು ರೈತನ ತಲೆಗೇ. ದಿನಸಿ ತರುವ ಹಸುವೇ ಹೋದರೆ ಮನೆ ನಡೆಯುವುದು ಹೇಗೆ?

ಅವರ ಪ್ರಶ್ನೆಗಳಲ್ಲೂ ಹುರುಳಿತ್ತು. “ಹಾಲು ವಿಷವಾದರೆ ಅದೇ ಹಸುವಿನ ಮಾಂಸ ಮಾರುವುದೇಕೆ?” ಎಂದು ಕೇಳುತ್ತಿದ್ದರು. ಇದಕ್ಕೆ ಉತ್ತರವಿದೆ: ಕಡಿದ ಹಸುವನ್ನು ತಪಾಸಣೆ ಮಾಡಿ, ರೋಗ ಮೈಯೆಲ್ಲ ಹರಡಿದ್ದರೆ ಎಸೆಯುತ್ತಿದ್ದರು. ಒಂದೆರಡು ಗ್ರಂಥಿಗಳಲ್ಲಷ್ಟೇ ಇದ್ದರೆ ಆ ಭಾಗ ತೆಗೆಯುತ್ತಿದ್ದರು. ಮಾಂಸವನ್ನು ಬೇಯಿಸಿ ತಿನ್ನುತ್ತಾರೆ, ಹಾಲನ್ನು ಅವರು ಹಾಗೇ ಕುಡಿಯುತ್ತಿದ್ದರು. “ಕಡಿದು ನೋಡಿದರೆ ಕೆಲವು ಹಸುಗಳಲ್ಲಿ ರೋಗವೇ ಕಾಣಲಿಲ್ಲವಲ್ಲ?” ಎಂಬುದೂ ನಿಜವೇ. ಸೋಂಕು ಆರಂಭದಲ್ಲಿದ್ದರೆ ಗಂಟು ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷೆ ಕೆಲವೊಮ್ಮೆ ತಪ್ಪುವುದೂ ಉಂಟು.

ಈ ಉತ್ತರಗಳನ್ನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ತಾಳ್ಮೆಯಿಂದ, ನಂಬಿಕೆಯವರು ಹೇಳಬೇಕಿತ್ತು. ರೈತರ ನೋವನ್ನು ಮೊದಲು ಆಡಿ ತೋರಿಸಿದವನು ಬೇಕರ್. ಹಾಗಾಗಿ ಅವನ ಸುಳ್ಳೂ ಆ ನೋವಿನ ಜೊತೆಗೇ ಮನೆ ಸೇರಿತು. ಒಕ್ಕಣೆಗೆ ಹೆಗಲು ಕೊಡುವ ನೆರೆಯವನೇ ಫೋನಿನಲ್ಲಿ ಹೇಳಿದ ಮೇಲೆ ಅನುಮಾನಿಸುವವರು ಯಾರು?

ಆಮೇಲೆ ಏನಾಯಿತು?

ಬೇಕರ್‌ನ ರೇಡಿಯೊ ಲೈಸೆನ್ಸ್ 1931ರಲ್ಲೇ ಹೋಯಿತು. ಕ್ಯಾನ್ಸರ್ ‘ಮದ್ದಿನ’ ವ್ಯಾಪಾರವನ್ನು ಅವನು ಮುಂದೆ ಅರ್ಕನ್ಸಾ ರಾಜ್ಯಕ್ಕೆ ಒಯ್ದ. 1940ರಲ್ಲಿ ಅಂಚೆ ಮೂಲಕ ವಂಚಿಸಿದ ಅಪರಾಧ ಸಾಬೀತಾಯಿತು, ಆಮೇಲೆ ಜೈಲು ಸೇರಿದ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ಕೌಂಟಿಗಳಲ್ಲಿ ಜಾನುವಾರು ಕ್ಷಯ ಶೇ. 0.5ಕ್ಕಿಂತ ಕೆಳಗಿಳಿದಿತ್ತು. ಈ ಪರೀಕ್ಷೆ ಮತ್ತು ಪಾಶ್ಚರೀಕರಣ ಎರಡೂ ಸೇರಿ ಹಾಲಿನಿಂದ ಬರುವ ಕ್ಷಯವನ್ನು ಅಲ್ಲಿ ಅಪರೂಪದ ಕಾಯಿಲೆಯಾಗಿಸಿದವು.

ಪಾಶ್ಚರೀಕರಣ ಎಂದರೆ ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುವುದು, ಅಷ್ಟೇ. ಅದರಲ್ಲಿ ಯಾವ ರಾಸಾಯನಿಕವೂ ಇಲ್ಲ. ಹಾಲನ್ನು ಉಕ್ಕುವವರೆಗೆ ಕಾಯಿಸುವ ನಮ್ಮ ಅಡುಗೆಮನೆಯ ರೂಢಿಯೂ ಇದೇ ಕೆಲಸ ಮಾಡುತ್ತದೆ. ಭಾರತದಲ್ಲಿ ಜಾನುವಾರು ಕ್ಷಯ ಈಗಲೂ ಇದೆ, ಬ್ರುಸೆಲ್ಲಾ ಸೋಂಕೂ ಇದೆ. ಆದ್ದರಿಂದ ಊರಿನಿಂದ ತಂದ ಹಾಲು ಎಷ್ಟೇ ತಾಜಾ ಇರಲಿ, ಕಾಯಿಸಿಯೇ ಕುಡಿಯಿರಿ, ಮಕ್ಕಳಿಗಂತೂ ಹಸಿ ಹಾಲು ಬೇಡ.

ಮುಂದಿನ ಸಲ ‘ಹಿಂದಿನ ಕಾಲವೇ ಚೆಂದ’ ಎಂಬ ಸಂದೇಶ ಬಂದರೆ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಆ ಫೋಟೊದಲ್ಲಿ ಇಲ್ಲದವರು ಯಾರು? ಇದನ್ನು ಹೇಳುತ್ತಿರುವವರು ಜೊತೆಗೆ ಏನನ್ನು ಮಾರುತ್ತಿದ್ದಾರೆ? ಕಳಿಸಿದವರು ಮನೆಯ ಹಿರಿಯರಾಗಿದ್ದರೆ ನಗಬೇಡಿ, ಜಗಳಕ್ಕೂ ನಿಲ್ಲಬೇಡಿ. ಅವರ ಆತಂಕ ಏನೆಂದು ಮೊದಲು ಕೇಳಿ, ಆಮೇಲೆ ಈ ಕಥೆ ಹೇಳಿ.